ಹಾಗಾದ್ರೆ ನಾನು ಯಾರ ಹತ್ರ ಮಲಗಲಿ?

ಈ ಭಾನುವಾರ ತಂಗಿಯ ಮಗಳ ನಾಮಕರಣ. ಹೆಸರಿಟ್ಟಿದ್ದು, ಊಟ, ಬಂದವರು ಹೋದವರು ಎಲ್ಲ ಚೆನ್ನಾಗಿಯೇ ಆಯಿತು. ಆದರೆ ಅವತ್ತು ಕೇಳಿದ ಒಂದು ಮಾತು ನನ್ನ ಕಿವಿಯಿಂದ ಹೋಗುತ್ತಲೇ ಇಲ್ಲ.

ತಂಗಿಯ ದೊಡ್ಡ ಮಗನಿಗೆ ಐದು ವರ್ಷ. ಹೊಸ ಜುಬ್ಬಾ ಹಾಕಿಕೊಂಡು ತೊಟ್ಟಿಲ ಸುತ್ತ ಓಡಾಡುತ್ತಿದ್ದ. ಬಂದವರೆಲ್ಲ ಅವನ ಕೆನ್ನೆ ಹಿಂಡಿ ಅದೇ ತಮಾಷೆ. "ಇನ್ಮೇಲೆ ನಿನ್ನ ಆಟ ನಡೆಯಲ್ಲ ಕಣೋ, ಪಾಪು ಬಂತಲ್ಲ!" ಅವನೂ ನಗುತ್ತಿದ್ದ. ಆಮೇಲೆ ತಂಗಿಯ ಗಂಡನ ಕಡೆಯ ಒಬ್ಬ ದೊಡ್ಡಪ್ಪ ಬಂದರು. ಮಕ್ಕಳನ್ನು ಗೋಳು ಹೊಯ್ದುಕೊಳ್ಳುವುದೇ ಪ್ರೀತಿ ಅಂದುಕೊಂಡಿರುವವರು. "ನಿಮ್ಮಮ್ಮ ಇನ್ನು ಪಾಪುಗೆ. ನಿನ್ನನ್ನ ತಿಪ್ಪೆಯಿಂದ ಎತ್ಕೊಂಡು ಬಂದಿದ್ದು, ಗೊತ್ತಾ?" ಅಂದರು. ಹುಡುಗ ಅವರ ಮುಖವನ್ನೇ ನೋಡಿ ಕೇಳಿದ, "ಹಾಗಾದ್ರೆ ನಾನು ಯಾರ ಹತ್ರ ಮಲಗಲಿ?"

ಎಲ್ಲರೂ ಗೊಳ್ಳೆಂದು ನಕ್ಕರು.

ಅವನು ನಿಜವಾಗಿ ಕೇಳಿದ್ದ. ರಾತ್ರಿ ಆಗುತ್ತದೆ, ದೀಪ ಆರಿಸುತ್ತಾರೆ, ಆಗ ನನ್ನ ಜಾಗ ಎಲ್ಲಿ? ಐದು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ? ಉತ್ತರ ಮಾತ್ರ ಯಾರೂ ಕೊಡಲಿಲ್ಲ. ಅವನು ಕಲ್ಲುಸಕ್ಕರೆ ತಟ್ಟೆಗೆ ಜೋರಾಗಿ ಒದ್ದ. ತಕ್ಷಣ ಬೆನ್ನಿಗೊಂದು ಏಟು ಬಿತ್ತು. "ಈಗಲೇ ಎಷ್ಟು ಹೊಟ್ಟೆಕಿಚ್ಚು ನೋಡು" ಅಂತ ಯಾರೋ ಅಂದರು.

ಅದೇ ದೊಡ್ಡಪ್ಪ ಆಮೇಲೆ ಊಟ ತಡ ಆಯಿತು ಅಂತ ಬಡಿಸುವವರ ಮೇಲೆ ಕೂಗಾಡಿದರು. ಅವರಿಗೆ ನಾಲ್ಕು ಜನ ಸಮಾಧಾನ ಹೇಳಿ, ಮಜ್ಜಿಗೆ ಕೊಟ್ಟು ಕೂರಿಸಿದರು. ದೊಡ್ಡವರ ಕೋಪಕ್ಕೆ ಮಜ್ಜಿಗೆ, ಮಗುವಿನ ಕೋಪಕ್ಕೆ ಏಟು. ಇದು ನನಗೆ ಸರಿ ಅನ್ನಿಸುವುದೇ ಇಲ್ಲ.

ಹುಡುಗನನ್ನು ಹುಡುಕಿಕೊಂಡು ಹಿತ್ತಲಿಗೆ ಹೋದವರು ಬಾಣಂತಿಗೆ ನೀರು ಹಾಕಲು ಬರುವ ಅಜ್ಜಿ. ನಾನು ಬಾಗಿಲಲ್ಲಿದ್ದೆ. ಅಜ್ಜಿ ಬೈಯಲಿಲ್ಲ, ಮುದ್ದೂ ಮಾಡಲಿಲ್ಲ. ಪಕ್ಕದಲ್ಲಿ ಕೂತು, "ಅಮ್ಮ ನಿನ್ನ ಬಿಟ್ಬಿಡ್ತಾಳೆ ಅಂತ ಭಯ ಆಯ್ತಾ ಮಗಾ?" ಅಂದರು. ಅಲ್ಲಿಯವರೆಗೂ ಹಲ್ಲು ಕಚ್ಚಿಕೊಂಡಿದ್ದವನು ಆಗ ಅತ್ತ. ಅಳು ಮುಗಿಯುವವರೆಗೂ ಅಜ್ಜಿ ಸುಮ್ನೆ ಕೂತಿದ್ದರು. ಆಮೇಲೆ, "ಭಯ ಆದ್ರೆ ಅಮ್ಮಂಗೆ ಹೇಳ್ಬೇಕು, ತಟ್ಟೆ ಒದೀಬಾರ್ದು. ಬಾ, ಕೇಳಣ" ಅಂತ ಒಳಗೆ ಕರೆದುಕೊಂಡು ಹೋದರು. ತಂಗಿ ಹೇಳಿದಳು: "ಈ ಕಡೆ ಪಾಪು, ಆ ಕಡೆ ನೀನು." ಅಷ್ಟೇ. ಚೆಲ್ಲಿದ ಕಲ್ಲುಸಕ್ಕರೆಯನ್ನು ಅಜ್ಜಿ ಅವನ ಕೈಯಲ್ಲೇ ಹೆಕ್ಕಿಸಿದರು.

ಅಜ್ಜಿ ಮಾಡಿದ್ದು ಇಷ್ಟೇ, ಅವನ ಭಯಕ್ಕೆ ಒಂದು ಹೆಸರು ಕೊಟ್ಟರು. 2007ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದ್ದರು. ಕೋಪ, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ, ಆ ಭಾವನೆಗೆ ಹೆಸರು ಆರಿಸಲು ಹೇಳಿದಾಗ, ಅಪಾಯ ಕಂಡರೆ ಚುರುಕಾಗುವ ಮೆದುಳಿನ ಅಮಿಗ್ಡಲಾ ಭಾಗ ತಣ್ಣಗಾಗಿತ್ತು. ಅವರು ಪರೀಕ್ಷಿಸಿದ್ದು ದೊಡ್ಡವರನ್ನು. ದೊಡ್ಡವರಿಗೇ ಹೆಸರು ಸಿಕ್ಕರೆ ಹಗುರ ಆಗುತ್ತದೆ ಅಂದರೆ, ಭಯಕ್ಕೂ ಸಿಟ್ಟಿಗೂ ವ್ಯತ್ಯಾಸ ಗೊತ್ತಿಲ್ಲದ ಮಗುವಿಗೆ ಆ ಹೆಸರನ್ನು ಇನ್ಯಾರು ಕೊಡಬೇಕು? ಮನಸ್ಸಿಗೆ ಕಡಿವಾಣ ಹಾಕುವ ಹಣೆಯ ಹಿಂದಿನ ಮೆದುಳಿನ ಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದಂತೆ. ಐದು ವರ್ಷದವನಿಗೆ "ಕಂಟ್ರೋಲ್ ಮಾಡ್ಕೋ" ಅಂದರೆ ಅವನು ಏನು ತಾನೇ ಮಾಡಿಯಾನು? ಮೊದಲು ನಾವು ಪಕ್ಕದಲ್ಲಿ ಕೂರಬೇಕು.

ಆ ಮಾತಿಗೆ ಹುಡುಗ ಹೆದರಿದ್ದ ಅಂತ ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. "ತಮಾಷೆಗೆ ಅಂದಿದ್ದಮ್ಮ, ನಮ್ಮ ಕಾಲದಲ್ಲಿ ಇದೆಲ್ಲ ಜಾಸ್ತಿನೇ ಇತ್ತು" ಅಂದರು. ಇತ್ತು, ನಿಜ. ಎಷ್ಟೋ ಮಕ್ಕಳು ತಿಪ್ಪೆಯ ಕತೆ ಕೇಳಿ ರಾತ್ರಿ ನಿದ್ದೆ ಬಾರದೆ ಮಲಗಿದ್ದೂ ನಿಜ ಅಲ್ವಾ? ಮುಂದಿನ ವಾರ ತಂಗಿಯ ಮನೆಗೆ ಇನ್ನಷ್ಟು ನೆಂಟರು ಮಗು ನೋಡಲು ಬರುತ್ತಾರೆ. ನಾನೂ ಹೋಗುತ್ತೇನೆ. ಪಾಪುವಿನ ವಿಷಯ ಹೇಳಿ ಅವನನ್ನು ರೇಗಿಸಬೇಡಿ ಅಂತ ಬಾಗಿಲಲ್ಲೇ ಹೇಳುತ್ತೇನೆ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.