ಸೀಸನ್ ಮುಗಿದ ಮೇಲೂ ನಿಮ್ಮ ಕಿಂಗ್ಸ್ ಗಲಾಟೆ ಯಾಕ್ರೀ ಮುಗಿಯಲ್ಲ?

"ಮ್ಯಾಚೇ ಇಲ್ವಲ್ಲ ಈಗ, ಇನ್ನೂ ಏನ್ರೀ ಅದು ನಿಮ್ದು ಬಾಸ್ಕೆಟ್‌ಬಾಲ್ ಪುರಾಣ?" ನಾನು ಸ್ಯಾಕ್ರಮೆಂಟೊ ಕಿಂಗ್ಸ್ ಅನ್ನೋ ಬಾಸ್ಕೆಟ್‌ಬಾಲ್ ಟೀಮಿನ ಅಭಿಮಾನಿ, ಇದನ್ನ ಕೇಳದೇ ಇರೋರೇ ಇಲ್ಲ. ಮನೆಗೆ ಊಟಕ್ಕೆ ಬಂದೋರು ಕೇಳ್ತಾರೆ, ಊರಿಗೆ ಫೋನ್ ಮಾಡಿದಾಗ ಅತ್ತೆ ಕೇಳ್ತಾರೆ, ಆಫೀಸಿಗೆ ನಮ್ಮ ಎದುರಾಳಿ ಟೀಮ್ ವಾರಿಯರ್ಸ್ ಜರ್ಸಿ ಹಾಕ್ಕೊಂಡು ಬರೋ ಹುಬ್ಬಳ್ಳಿ ಹುಡುಗ ಅಂತೂ ಬೇಕಂತಾನೇ ಕೇಳ್ತಾನೆ, "ಸರ, ಆರ್‌ಸಿಬಿನೂ ಕಪ್ ಗೆದ್ದಾತು, ನಿಮ್ಮ ಕಿಂಗ್ಸ್ ಯಾವಾಗ ಗೆಲ್ಲೋದ್ರಿ?" ಅಂತ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ, ಒಂದೇ ಸಲ ಇಲ್ಲಿ ಬರೆದುಬಿಡ್ತೀನಿ, ಇನ್ಮೇಲೆ ಕೇಳಿದೋರಿಗೆ ಲಿಂಕ್ ಕಳಿಸೋದು ಅಷ್ಟೇ.

ನಾವಿರೋದು ಕ್ಯಾಲಿಫೋರ್ನಿಯಾದ ಫಾಲ್ಸಮ್, ಸ್ಯಾಕ್ರಮೆಂಟೊ ಪಕ್ಕ. ಇಲ್ಲಿ ಇಂಟೆಲ್ ಇರೋದ್ರಿಂದ ಕನ್ನಡದೋರಿಗೇನೂ ಕಮ್ಮಿ ಇಲ್ಲ, ಅದ್ರಲ್ಲಿ ಅರ್ಧ ಜನ ವಾರಿಯರ್ಸ್ ಕಡೆ, ಇನ್ನರ್ಧ ಜನಕ್ಕೆ ಕ್ರಿಕೆಟ್ ಬಿಟ್ಟು ಬೇರೇನೂ ಬೇಡ, ಉಳಿದ ನಾಲ್ಕು ಜನ ನಾವು ಕಿಂಗ್ಸ್. (ಲೆಕ್ಕ ಸರಿ ಬರಲ್ಲ ಅಂತ ಗೊತ್ತು, ಕಿಂಗ್ಸ್ ಲೆಕ್ಕ ಯಾವತ್ತೂ ಸರಿ ಬರಲ್ಲ.) ಎನ್‌ಬಿಎ, ಅಂದ್ರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್, ಅದರ ಸೀಸನ್ ನಮ್ಮ ಪಾಲಿಗೆ ಏಪ್ರಿಲ್‌ಗೇ ಮುಗಿಯುತ್ತೆ, ಮತ್ತೆ ಶುರು ಆಗೋದು ಅಕ್ಟೋಬರ್ ಕೊನೆಗೆ. ಆ ಮಧ್ಯದ ತಿಂಗಳುಗಳಲ್ಲಿ ಏನು ನಡೆಯುತ್ತೆ ಅನ್ನೋದೇ ನಿಜವಾದ ಆಟ, ಗೆಲ್ಲೋ ಸೋಲೋ ತೀರ್ಮಾನ ಆಗೋದೇ ಅಲ್ಲಿ. ಇದು ನನ್ನ ಉತ್ತರ. ಯಾಕೆ ಅಂತ ಹೇಳ್ತೀನಿ.

ಐಪಿಎಲ್ ನೋಡೋರಿಗೆ ಆಕ್ಷನ್ ಪರ್ಸ್ ಅಂದ್ರೆ ಗೊತ್ತಲ್ಲ, ಇಲ್ಲೂ ಹಾಗೇ ಟೀಮಿನ ಒಟ್ಟು ಸಂಬಳಕ್ಕೆ ಒಂದು ಮಿತಿ, ಸ್ಯಾಲರಿ ಕ್ಯಾಪ್ ಅಂತ ಇದೆ, 2025-26ಕ್ಕೆ ಅದು 154.6 ಮಿಲಿಯನ್ ಡಾಲರ್ ಇತ್ತು. ಆದ್ರೆ ಇಲ್ಲಿ ಹರಾಜು ಇಲ್ಲ. ಜೂನ್‌ನಲ್ಲಿ ಹೊಸ ಹುಡುಗರನ್ನ ಟೀಮುಗಳು ಸರದಿ ಪ್ರಕಾರ ಆರಿಸ್ಕೊಳ್ಳೋ ಡ್ರಾಫ್ಟ್, ಜುಲೈ ಶುರುವಿಗೆ ಕಾಂಟ್ರ್ಯಾಕ್ಟ್ ಮುಗಿದೋರು ಟೀಮ್ ಹುಡುಕೋ ಫ್ರೀ ಏಜೆನ್ಸಿ, ಮಧ್ಯೆ ಮಧ್ಯೆ ಟೀಮುಗಳು ಆಟಗಾರರನ್ನ ಅದಲು ಬದಲು ಮಾಡ್ಕೊಳ್ಳೋ ಟ್ರೇಡು. ಕ್ಯಾಪ್ ದಾಟಬಹುದು, ಆದ್ರೆ ದಾಟಿದಷ್ಟೂ ಕೈ ಕಟ್ಟಿಹಾಕ್ತಾರೆ, ಆ ಸೀಸನ್‌ಗೆ 187.9 ಮಿಲಿಯನ್ ದಾಟಿದ್ರೆ ಲಕ್ಷುರಿ ಟ್ಯಾಕ್ಸ್ ಅನ್ನೋ ದಂಡ, ಅದರ ಮೇಲೆ ಏಪ್ರನ್ ಅಂತ ಎರಡು ಗೆರೆ, ಅದನ್ನೂ ದಾಟಿದ್ರೆ ಟ್ರೇಡ್ ಮಾಡೋದೇ ಕಷ್ಟ. 2025-26ರ ನಮ್ಮ ಟೀಮ್ ನೋಡಿ, ಝ್ಯಾಕ್ ಲವೀನ್ ಒಬ್ಬನಿಗೇ 47 ಮಿಲಿಯನ್ ಮೇಲೆ, ಸಬೋನಿಸ್‌ಗೆ 40ರ ಮೇಲೆ, ಡಿರೋಜನ್‌ಗೆ 24ರ ಮೇಲೆ. ಮೂರು ಜನಕ್ಕೇ ಕ್ಯಾಪ್‌ನ ಮುಕ್ಕಾಲು ಪಾಲು ಹತ್ರ ಹತ್ರ ಹೋಯ್ತು. ಇನ್ನು ಕೋಚ್ ಬಂದು ಏನು ಮಂತ್ರ ಹಾಕ್ತಾನೆ ಹೇಳಿ?

ಹಳೇ ಕಥೆ ಸ್ವಲ್ಪ ಗೊತ್ತಿರಬೇಕು. 2006ರಲ್ಲಿ ಪ್ಲೇಆಫ್ ಆಡಿದ್ದು, ಆಮೇಲೆ ಸತತ 16 ಸೀಸನ್ ಪ್ಲೇಆಫ್ ಮುಖಾನೇ ನೋಡಿಲ್ಲ, ಎನ್‌ಬಿಎ ಇತಿಹಾಸದಲ್ಲೇ ಅಷ್ಟು ಉದ್ದದ ಬರ ಇನ್ಯಾವ ಟೀಮಿಗೂ ಬಂದಿಲ್ಲ. 2018ರ ಡ್ರಾಫ್ಟಲ್ಲಿ ಎರಡನೇ ಪಿಕ್ ನಮ್ಮ ಕೈಲಿತ್ತು, ಮುಂದೆ ದೊಡ್ಡ ಸ್ಟಾರ್ ಆದ ಲೂಕಾ ಡಾನ್ಚಿಚ್ ಇನ್ನೂ ಉಳಿದಿದ್ದ, ನಾವು ತಗೊಂಡಿದ್ದು ಮಾರ್ವಿನ್ ಬ್ಯಾಗ್ಲಿನ. 2022ರ ಫೆಬ್ರವರಿಯಲ್ಲಿ ಟೈರೀಸ್ ಹ್ಯಾಲಿಬರ್ಟನ್‌ನ ಇಂಡಿಯಾನಾಗೆ ಕೊಟ್ಟು ಸಬೋನಿಸ್‌ನ ತಂದ್ವಿ, ಆವಾಗ ಊರೆಲ್ಲ ಬೈತು, ಮುಂದಿನ ವರ್ಷವೇ ಮೈಕ್ ಬ್ರೌನ್ ಕೋಚಿಂಗಲ್ಲಿ 48 ಮ್ಯಾಚ್ ಗೆದ್ದು ಲೀಗಿನ ವೆಸ್ಟ್ ಗುಂಪಲ್ಲಿ ಮೂರನೇ ಸ್ಥಾನ ಬಂದಾಗ ಬೈದೋರೇ ಹೊಗಳಿದ್ರು. ಗೆದ್ದಾಗೆಲ್ಲ ನಮ್ಮ ಸ್ಟೇಡಿಯಂ ಗೋಲ್ಡನ್ ಒನ್ ಸೆಂಟರ್ ಮೇಲಿಂದ ಆಕಾಶಕ್ಕೆ ನೇರಳೆ ಬಣ್ಣದ ಲೇಸರ್ ಬಿಡ್ತಾರಲ್ಲ, "ಲೈಟ್ ದ ಬೀಮ್" ಅಂತ, ಅದು ಶುರುವಾಗಿದ್ದು ಆ ವರ್ಷ. ಬ್ರೌನ್‌ಗೆ ಒಂದೂ ವೋಟು ಆಚೀಚೆ ಹೋಗದೆ ಕೋಚ್ ಆಫ್ ದ ಇಯರ್ ಸಿಕ್ತು. ಪ್ಲೇಆಫಲ್ಲಿ ಏಳನೇ ಮ್ಯಾಚ್, ನಮ್ಮ ಮನೆ ಅಂಗಳದಲ್ಲೇ, ವಾರಿಯರ್ಸ್‌ನ ಸ್ಟೆಫ್ ಕರಿ 50 ಪಾಯಿಂಟ್ ಹೊಡೆದು ಹೋದ. ಹುಬ್ಬಳ್ಳಿ ಹುಡುಗ ಅದನ್ನ ಇನ್ನೂ ಮರೆತಿಲ್ಲ, ನನಗೂ ಮರೆಯೋಕೆ ಬಿಟ್ಟಿಲ್ಲ.

ಆಮೇಲೆ ಏನಾಯ್ತು ಅನ್ನೋದೇ ನಮ್ಮ ಜಗಳದ ಮೂಲ. 2024ರ ಡಿಸೆಂಬರ್ 26, ಡೆಟ್ರಾಯಿಟ್ ಪಿಸ್ಟನ್ಸ್ ಜೊತೆ ಮ್ಯಾಚ್. ಮನೇಲಿ ಸತತ ನಾಲ್ಕು ಸೋತಾಗಿತ್ತು, ಇದಾದ್ರೂ ಗೆಲ್ತೀವಿ ಅನ್ನೋ ಹಾಗಿತ್ತು, ಕೊನೇ ಮೂರು ನಿಮಿಷಕ್ಕೆ ಹತ್ತು ಪಾಯಿಂಟ್ ಮುಂದೆ ಇದ್ವಿ. ಅದು ಕರಗಿ ಕರಗಿ ಕೊನೇ ಸೆಕೆಂಡುಗಳಿಗೆ ಮೂರಕ್ಕೆ ಬಂತು. ಪಿಸ್ಟನ್ಸ್‌ನ ಜೇಡನ್ ಐವಿ ಮೂರರ ಗೆರೆ ಆಚೆಯಿಂದ ಶಾಟ್ ಎತ್ತಿದ, ನಮ್ಮ ಡಿಆರನ್ ಫಾಕ್ಸ್ ಓಡಿಬಂದು ಅವನ ಮೇಲೇ ಬಿದ್ದ, ಫೌಲ್ ಅಂತ ವಿಷಲ್ ಕೇಳಿಸ್ತು, ಬಾಲೂ ಒಳಗೆ ಹೋಯ್ತು. ಮೂರು ಪ್ಲಸ್ ಒಂದು ಫ್ರೀ ಥ್ರೋ, 114-113, ನಾವು ಸೋತ್ವಿ. ಈ ಫಾಕ್ಸ್ ಯಾರು ಅಂದ್ರೆ, ಎನ್‌ಬಿಎ ಮೊಟ್ಟಮೊದಲ ಸಲ ಕ್ಲಚ್ ಪ್ಲೇಯರ್, ಅಂದ್ರೆ ಕೊನೇ ಒತ್ತಡದ ಹೊತ್ತಲ್ಲಿ ಕೈಕೊಡದ ಆಟಗಾರ ಅಂತ ಅವಾರ್ಡ್ ಕೊಟ್ಟಾಗ ತಗೊಂಡೋನು! ಮ್ಯಾಚ್ ಆದ್ಮೇಲೆ ಬ್ರೌನ್ ಪ್ರೆಸ್ ಮುಂದೆ ಕೂತು ಅಲ್ಲಿ ಫಾಕ್ಸ್ ಹೇಗೆ ನಿಂತಿರಬೇಕಿತ್ತು ಅಂತ ವಿವರಿಸಿದ್ರು. ಮಾರನೇ ದಿನ ಬ್ರೌನ್ ಕೆಲಸ ಹೋಯ್ತು. ಅದೂ ಆ ಬೇಸಿಗೇಲಷ್ಟೇ ಕಾಂಟ್ರ್ಯಾಕ್ಟ್ ಮುಂದುವರಿಸಿದ್ರು! ಇನ್ನೊಂದು ತಿಂಗಳು ಚಿಲ್ಲರೆಯಲ್ಲಿ ಫಾಕ್ಸೂ ಸ್ಯಾನ್ ಆಂಟೋನಿಯೊಗೆ ಹೋದ, ಅದೇ ಟ್ರೇಡಲ್ಲಿ ಶಿಕಾಗೋದಿಂದ ಲವೀನ್ ಬಂದ.

ನಮ್ಮ ಗುಂಪಲ್ಲಿ ಇವತ್ತಿಗೂ ಇದು ಎರಡು ಪಾರ್ಟಿ. ಬ್ರೌನ್ ಹುಡುಗರ ಮೇಲೆ ಕೂಗಾಡಿ ಕೂಗಾಡಿ ಟೀಮಿನ ವಿಶ್ವಾಸ ಕಳ್ಕೊಂಡಿದ್ರು, ಆಟಗಾರನ ತಪ್ಪನ್ನ ಎಲ್ಲರ ಮುಂದೆ ಹೇಳಬಾರದಿತ್ತು ಅನ್ನೋದು ಒಂದು ಪಾರ್ಟಿ. ಎರಡು ವರ್ಷದ ಹಿಂದೆ ತಲೆ ಮೇಲೆ ಹೊತ್ಕೊಂಡು ಮೆರೆಸಿದ ಮನುಷ್ಯನಿಗೆ 31 ಮ್ಯಾಚ್ ನೋಡಿ ಗೇಟ್ ತೋರಿಸ್ತಾರಾ ಅನ್ನೋದು ಇನ್ನೊಂದು. ನಾನು ಎರಡನೇ ಪಾರ್ಟಿ, ಮುಚ್ಚಿಡೋದೇನಿಲ್ಲ. ಯಾಕಂದ್ರೆ ವಿವೇಕ್ ರಣದಿವೆ 2013ರಲ್ಲಿ ಟೀಮ್ ತಗೊಂಡ ಮೇಲೆ ಮಧ್ಯಂತರದೋರನ್ನೂ ಸೇರಿಸಿ ಎಂಟು ಕೋಚ್ ಆದ್ರು. ಮಲೋನ್, ಕಾರ್ಬಿನ್, ಜಾರ್ಜ್ ಕಾರ್ಲ್, ಯೋಗರ್, ವಾಲ್ಟನ್, ಜೆಂಟ್ರಿ, ಬ್ರೌನ್, ಆಮೇಲೆ ಡಗ್ ಕ್ರಿಸ್ಟಿ. ಅದೇ ಹೊತ್ತಲ್ಲಿ ಮಯಾಮಿಯಲ್ಲಿ ಸ್ಪೋಲ್‌ಸ್ಟ್ರಾ ಒಬ್ಬರೇ, 2008ರಿಂದ. ವಾರಿಯರ್ಸಲ್ಲಿ ಸ್ಟೀವ್ ಕರ್ 2014ರಿಂದ. ಮಲೋನ್‌ನ 2014ರ ಡಿಸೆಂಬರಲ್ಲಿ ನಾವು ಕಳಿಸಿದ್ವಿ, ಸ್ಟಾರ್ ಆಟಗಾರ ಡಿಮಾರ್ಕಸ್ ಕಸಿನ್ಸ್ ಮೆನಿಂಜೈಟಿಸ್ ಬಂದು ಆಡದೇ ಇದ್ದ ಸಮಯ ಅದು, ಅದಕ್ಕೂ ಕೋಚೇ ಹೊಣೆ! ಆ ಮನುಷ್ಯ ಡೆನ್ವರ್‌ಗೆ ಹೋಗಿ 2023ರಲ್ಲಿ ಚಾಂಪಿಯನ್‌ಶಿಪ್ ಗೆದ್ದ. ಬ್ರೌನ್‌ನ ತೆಗೆದಾಗ ಎಲ್ಲರಿಗಿಂತ ಜೋರಾಗಿ ಸಿಟ್ಟಾಗಿದ್ದೂ ಅವನೇ. ಬ್ರೌನ್ 2025ರಲ್ಲಿ ನ್ಯೂಯಾರ್ಕ್ ನಿಕ್ಸ್ ಕೋಚ್ ಆದ್ರು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ನಮ್ಮಲ್ಲಿ ನೆಲಾನ ಎಂಟು ಸಲ ಅಗೆದು ಹಾಕಿದ್ದಾಯ್ತು.

ರಣದಿವೆ ಬಗ್ಗೆ ಮಾತಾಡೋವಾಗ ಇಲ್ಲಿನ ಇಂಡಿಯನ್ಸ್‌ಗೆ ಸ್ವಲ್ಪ ಸಂಕೋಚ, ನಮ್ಮೋರು ಅಲ್ವಾ ಅಂತ. ಮುಂಬೈಲಿ ಹುಟ್ಟಿದೋರು, ಟೀಮ್ ಸಿಯಾಟಲ್‌ಗೆ ಹೋಗೇಬಿಡ್ತು ಅನ್ನೋ ಹೊತ್ತಿಗೆ ಬಂದು ಉಳಿಸಿಕೊಂಡೋರು, 2019ರ ಅಕ್ಟೋಬರಲ್ಲಿ ಮುಂಬೈಗೆ ಕಿಂಗ್ಸ್, ಇಂಡಿಯಾನಾ ಪೇಸರ್ಸ್ ಎರಡನ್ನೂ ಕರ್ಕೊಂಡು ಹೋಗಿ ಭಾರತದಲ್ಲಿ ಮೊದಲ ಎನ್‌ಬಿಎ ಮ್ಯಾಚ್ ಆಡಿಸಿದ್ರು. (ಎರಡು ಮ್ಯಾಚ್ ಆಡಿ ಎರಡೂ ಸೋತ್ವಿ, ಕೇಳಬೇಡಿ.) ಇದೆಲ್ಲ ಸರಿ, ಉಪಕಾರ ಮರೆಯಬಾರದು. ಆದ್ರೆ ತಾಳ್ಮೆ ಅನ್ನೋದು ಆ ಆಫೀಸಲ್ಲಿ ಇಲ್ಲವೇ ಇಲ್ಲ, ಇವತ್ತು ನೆಟ್ಟು ನಾಳೆ ಕಾಯಿ ಕೀಳಬೇಕು. 2025ರ ಏಪ್ರಿಲಲ್ಲಿ ಪ್ಲೇಆಫ್‌ಗೆ ಅರ್ಹತೆಗೋಸ್ಕರ ಆಡೋ ಪ್ಲೇ-ಇನ್ ಮ್ಯಾಚಲ್ಲಿ ಡಲ್ಲಾಸ್ ಬಂದು ನಮ್ಮನ್ನ ನಮ್ಮೂರಲ್ಲೇ 120-106 ಸೋಲಿಸ್ತು, ಅದೇ ರಾತ್ರಿ ಜನರಲ್ ಮ್ಯಾನೇಜರ್ ಮಾಂಟಿ ಮ್ಯಾಕ್‌ನೇರ್ ಗಂಟುಮೂಟೆ ಕಟ್ಟಿದ್ರು. ಕೆಲವೇ ದಿನದಲ್ಲಿ ಆ ಜಾಗಕ್ಕೆ ಸ್ಕಾಟ್ ಪೆರ್ರಿ ಬಂದ್ರು.

ಇನ್ನು ಕಾಮೆಂಟೇಟರ್ಸ್ ವಿಷಯ, ಇದಕ್ಕೆ ನಮ್ಮಲ್ಲಿ ಎಷ್ಟು ಜಗಳ ಆಗುತ್ತೆ ಅಂದ್ರೆ ಊಟ ತಣ್ಣಗಾಗುತ್ತೆ. ಇಲ್ಲಿ ಪ್ರತಿ ಟೀಮಿಗೂ ಲೋಕಲ್ ಟಿವಿಯೋರು ಬೇರೆ ಇರ್ತಾರೆ, ಅವರು ಟೀಮ್ ಜೊತೆಗೇ ಊರೂರು ತಿರುಗೋರು, ಟೀಮಿನ ಒಪ್ಪಿಗೆ ಇಲ್ದೆ ಆ ಕುರ್ಚಿ ಸಿಗಲ್ಲ. ಹಂಗಾಗಿ ಡಿಫೆನ್ಸ್ ಪೂರ್ತಿ ಬಾಯಿ ಬಿಟ್ಕೊಂಡು ನಿಂತಿದ್ರೂ "ಎನರ್ಜಿ ಸ್ವಲ್ಪ ಕಮ್ಮಿ ಆಯ್ತು" ಅಂತಾರೆ ಅಷ್ಟೇ. ನ್ಯಾಷನಲ್ ಚಾನಲ್‌ನೋರಿಗೆ ನಾವು ಕಣ್ಣಿಗೇ ಬೀಳಲ್ಲ, ನಮ್ಮ ಮ್ಯಾಚ್ ನಡೀತಾ ಇರುವಾಗಲೂ ಲಾಸ್ ಏಂಜಲಿಸ್ ಲೇಕರ್ಸ್ ಮಾತು. 2025-26ರ ಸೀಸನ್‌ನಿಂದ ಟಿಎನ್‌ಟಿ ಚಾನಲ್ ಹೋಗಿ ಎನ್‌ಬಿಸಿ ಮತ್ತೆ ಅಮೆಜಾನ್ ಬಂದ್ವು, ಚಾನಲ್ ಬದಲಾದ್ರೂ ಲೇಕರ್ಸ್ ಮಾತು ಬದಲಾಗುತ್ತೆ ಅಂತ ನನಗೇನೂ ನಂಬಿಕೆ ಇಲ್ಲ. ಒಬ್ಬರು ಮೈಸೂರಿನ ಹಿರಿಯರು ನಮ್ಮ ಗುಂಪಲ್ಲಿದಾರೆ, ಟಿವಿ ಮ್ಯೂಟ್ ಮಾಡಿ ರೇಡಿಯೋ ಹಾಕ್ಕೋತಾರೆ, ಚಿಕ್ಕೋರಿದ್ದಾಗ ಕ್ರಿಕೆಟ್ ಕಾಮೆಂಟ್ರಿ ಕೇಳಿದ ಅಭ್ಯಾಸ, "ಬಾಲ್ ಯಾರ ಕೈಲಿದೆ, ಗಡಿಯಾರದಲ್ಲಿ ಎಷ್ಟಿದೆ, ಇಷ್ಟು ಹೇಳಿದ್ರೆ ಸಾಕಪ್ಪ, ಮಿಕ್ಕಿದ್ದು ನಾನೇ ಬೈಕೋತೀನಿ" ಅಂತಾರೆ.

ಈ ಕಾಮೆಂಟೇಟರ್ ಜಗಳ ನಮಗೆ ಬರೀ ಟೈಂಪಾಸ್ ಅಲ್ಲ, ಯಾಕಂದ್ರೆ ಬ್ರೌನ್ ಆದ್ಮೇಲಿನ ಕೋಚ್ ಬಂದಿದ್ದೇ ಆ ಕುರ್ಚಿಯಿಂದ. ಡಗ್ ಕ್ರಿಸ್ಟಿ 2002ರ ಆ ದೊಡ್ಡ ಕಿಂಗ್ಸ್ ಟೀಮಲ್ಲಿ ಆಡಿದೋನು, ವೆಬ್ಬರ್, ಬಿಬ್ಬಿ, ಡಿವಾಟ್ಸ್ ಜೊತೆ. ಆ ವರ್ಷದ ಪ್ಲೇಆಫಲ್ಲಿ ಲೇಕರ್ಸ್ ವಿರುದ್ಧದ ಆರನೇ ಮ್ಯಾಚಲ್ಲಿ ಕೊನೇ ಕ್ವಾರ್ಟರ್ ಒಂದರಲ್ಲೇ ಅವರಿಗೆ 27 ಫ್ರೀ ಥ್ರೋ ಸಿಕ್ಕಿದ್ದು ಇಲ್ಲಿನ ಟ್ಯಾಕ್ಸಿ ಡ್ರೈವರ್‌ಗೂ ಬಾಯಿಪಾಠ. ಆಮೇಲೆ ಕ್ರಿಸ್ಟಿ ಕಿಂಗ್ಸ್ ಟಿವಿಯಲ್ಲಿ ಕಾಮೆಂಟ್ರಿ ಹೇಳ್ತಿದ್ರು, 2021ರಲ್ಲಿ ಅಸಿಸ್ಟೆಂಟ್ ಕೋಚ್, ಬ್ರೌನ್ ಹೋದ್ಮೇಲೆ ಮಧ್ಯಂತರ, 2025ರ ಮೇ ತಿಂಗಳಲ್ಲಿ ಪರ್ಮನೆಂಟ್. ಮಧ್ಯಂತರ ಇದ್ದಾಗ ಅವರ ಕೈಲಿ 27 ಗೆಲುವು 24 ಸೋಲು, ಕೆಟ್ಟದ್ದೇನಲ್ಲ. ಆದ್ರೆ ಹೊರಗಿಂದ ಅನುಭವ ಇರೋರನ್ನ ಸರಿಯಾಗಿ ಹುಡುಕಿದ್ರಾ, ಇಲ್ಲ ಮನೆ ಮಗ, ಊರಿಗೆ ಇಷ್ಟ, ಎದುರು ಮಾತಾಡಲ್ಲ ಅಂತ ಕೊಟ್ರಾ? ನನಗೆ ಕ್ರಿಸ್ಟಿ ಅಂದ್ರೆ ಇಷ್ಟ, ಆದ್ರೂ ಈ ಪ್ರಶ್ನೆ ಕೇಳೋದು ತಪ್ಪಲ್ಲ, ಇದನ್ನ ಟಿವಿಯೋರಂತೂ ಕೇಳಲ್ಲ, ಅದಕ್ಕೇ ನಾವು ಅಡುಗೆಮನೇಲಿ ನಿಂತು ಕೇಳ್ತೀವಿ.

2025ರ ಬೇಸಿಗೇಲಿ ಏನಾಯ್ತು ಅಂತ ಬೇಗ ಹೇಳಿಬಿಡ್ತೀನಿ. ಫಾಕ್ಸ್ ಹೋದ್ಮೇಲೆ ಪಾಯಿಂಟ್ ಗಾರ್ಡ್, ಅಂದ್ರೆ ಬಾಲ್ ಹಿಡಿದು ಆಟ ನಡೆಸೋಕೆ ಸರಿಯಾದೋರು ಇರಲಿಲ್ಲ, ಡೆನ್ನಿಸ್ ಶ್ರೋಡರ್‌ನ ಮೂರು ವರ್ಷಕ್ಕೆ ತಂದ್ರು. ಜರ್ಮನಿಗೆ 2023ರ ವಿಶ್ವಕಪ್ ಗೆಲ್ಲಿಸಿದ ಕ್ಯಾಪ್ಟನ್, ಪರವಾಗಿಲ್ಲ, ಆದ್ರೆ ಎಷ್ಟು ಟೀಮ್ ಸುತ್ತಿದಾನೆ ಅಂತ ಎಣಿಸೋಕೆ ಹೋದ್ರೆ ಬೆರಳು ಸಾಲಲ್ಲ. ಡ್ರಾಫ್ಟಲ್ಲಿ 24ನೇ ಪಿಕ್ ಗಿಟ್ಟಿಸ್ಕೊಂಡು ನೀಕ್ ಕ್ಲಿಫರ್ಡ್‌ನ ತಗೊಂಡ್ರು, ಇದು ನನಗೆ ನಿಜವಾಗ್ಲೂ ಹಿಡಿಸ್ತು. ಆಗ ಓಡ್ತಿದ್ದ ಮಾತು ವಾರಿಯರ್ಸ್ ಆಟಗಾರ ಕುಮಿಂಗಾದು, ಬರ್ತಾನಾ ಬರಲ್ವಾ, ಬಂದ್ರೆ ಏನು ಕೊಡಬೇಕು. ಕೊಡಬೇಕಾಗಿರೋದು ನಮ್ಮ ಮಾಲಿಕ್ ಮಂಕ್ ಜೊತೆಗೆ ಡ್ರಾಫ್ಟಿನ ಫಸ್ಟ್ ರೌಂಡ್ ಪಿಕ್ ಅನ್ನೋದಾದ್ರೆ ಬೇಡ್ವೇ ಬೇಡ ಅಂತಿದ್ದೆ ನಾನು.

ಲವೀನ್, ಡಿರೋಜನ್ ಇಬ್ಬರೂ ಶಿಕಾಗೋದಲ್ಲಿ ಮೂರು ವರ್ಷ ಜೊತೇಲಿ ಆಡಿ ಒಂದೇ ಒಂದು ಸಲ ಪ್ಲೇಆಫ್‌ಗೆ ಹೋಗಿದ್ದು, ಅದೂ ಮೊದಲ ರೌಂಡಲ್ಲೇ ಮನೆಗೆ. ಅಲ್ಲಿ ನಡೀದಿದ್ದು ಇಲ್ಲಿ ನಡೆಯುತ್ತೆ ಅಂತ ಯಾರಿಗೆ ಅನ್ನಿಸ್ತೋ. ಇಬ್ಬರೂ ಸ್ಕೋರ್ ಮಾಡ್ತಾರೆ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಎದುರಾಳಿ ಡ್ರೈವ್ ಮಾಡ್ಕೊಂಡು ಒಳಗೆ ಬಂದಾಗ ಹಿಂದೆ ಸಬೋನಿಸ್ ಒಬ್ಬನೇ, ಅವನು ಸತತ ಮೂರು ಸೀಸನ್ ಲೀಗಿಗೇ ಜಾಸ್ತಿ ರಿಬೌಂಡ್ ಹಿಡಿದೋನು ನಿಜ, ಶಾಟ್ ಬ್ಲಾಕ್ ಮಾಡೋನಲ್ಲ. ಯಾವ ಕೋಚ್ ಬಂದ್ರೂ ಆಡೋಕೆ ಇಳಿಯೋ ಐದು ಜನರಲ್ಲಿ ಓಡಿ ಡಿಫೆಂಡ್ ಮಾಡೋರು ಯಾರು ಅನ್ನೋ ಪ್ರಶ್ನೆಗೆ ಕೀಗನ್ ಮರ್ರಿ ಬಿಟ್ಟು ಇನ್ನೊಂದು ಉತ್ತರ ಇರಲಿಲ್ಲ.

ತಪ್ಪಾಯ್ತು, ಇನ್ನೊಂದು ಉತ್ತರ ಇತ್ತು, ಕಿಯಾನ್ ಎಲ್ಲಿಸ್. 2022ರಲ್ಲಿ ಡ್ರಾಫ್ಟಲ್ಲಿ ಯಾರೂ ಕೇಳದ ಹುಡುಗ, 2025ರ ಬೇಸಿಗೆ ಹೊತ್ತಿಗೆ ನಮ್ಮ ಬೆಸ್ಟ್ ಗಾರ್ಡ್ ಡಿಫೆಂಡರ್, ಮೂರರ ಶಾಟೂ ಹಾಕ್ತಿದ್ದ, ಸಂಬಳ ಲೀಗಿನ ಲೆಕ್ಕದಲ್ಲಿ ಚಿಲ್ಲರೆ. ಬ್ರೌನ್ ಅವನನ್ನ ಒಂದು ದಿನ ಆಡಿಸೋರು, ಒಂದು ದಿನ ಬೆಂಚಲ್ಲಿ ಕೂರಿಸೋರು, ಈ ವಿಷಯದಲ್ಲಿ ನನ್ನ ಪಾರ್ಟಿಯೋರೂ ಬ್ರೌನ್‌ನ ಬೈತೀವಿ. 2025ರ ಅಕ್ಟೋಬರಲ್ಲಿ ಮೊದಲ ಮ್ಯಾಚಿನ ಬಾಕ್ಸ್ ಸ್ಕೋರ್, ಅಂದ್ರೆ ಯಾರು ಎಷ್ಟು ಆಡಿದ್ರು ಅನ್ನೋ ಪಟ್ಟಿ ಬಂದಾಗ ಸ್ಕೋರ್‌ಗಿಂತ ಮುಂಚೆ ಎಲ್ಲಿಸ್‌ಗೆ ಎಷ್ಟು ನಿಮಿಷ ಸಿಕ್ತು ಅಂತ ನೋಡೋದು ಅಂದ್ಕೊಂಡಿದ್ದೆ. 30 ನಿಮಿಷ ಇದ್ರೆ ಕ್ರಿಸ್ಟಿ ಬಗ್ಗೆ ಆಡಿದ ಅರ್ಧ ಮಾತು ವಾಪಸ್ ತಗೊಳ್ಳೋದು. 15 ಇದ್ರೆ, ಹುಬ್ಬಳ್ಳಿ ಹುಡುಗನಿಗೆ ಹೇಳಿಬಿಡೋದು, ಡಿಸೆಂಬರ್ ತನಕ ನನ್ನ ಕೇಬಿನ್ ಕಡೆ ಬರಬೇಡ ಅಂತ.