ಹೊಸ ಕಂಪ್ಯೂಟರ್‌ಗೆ ಯಾವ ವಿಂಡೋಸ್ ಲೈಸೆನ್ಸ್ ತಗೋಬೇಕು?

"ಹೊಸ ಕಂಪ್ಯೂಟರ್ ತಗೊಂಡೆ. ವಿಂಡೋಸ್ ಯಾವುದು ಹಾಕ್ಲಿ? ಆನ್‌ಲೈನ್‌ನಲ್ಲಿ ತೀರಾ ಕಡಿಮೆಗೆ ಕೀ ಸಿಗುತ್ತಲ್ಲ, ಅದು ನಡೆಯುತ್ತಾ?" ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಮುಂಚೆ ನಾನೂ ಒಂದು ಕೇಳುತ್ತೇನೆ: ಅದು ಕಂಪನಿಯಿಂದಲೇ ಸಿದ್ಧವಾಗಿ ಬಂದಿದ್ದಾ, ಬಿಡಿಭಾಗ ತಂದು ಅಸೆಂಬಲ್ ಮಾಡಿಸಿದ್ದಾ?

ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪ್ ಆಗಿದ್ದರೆ ಏನೂ ಕೊಳ್ಳಬೇಡಿ. ಲೈಸೆನ್ಸ್ ದುಡ್ಡು ಆಗಲೇ ಅದರ ಬೆಲೆಯಲ್ಲಿ ಸೇರಿದೆ. ಹಿಂದೆಲ್ಲ 25 ಅಕ್ಷರಗಳ ಕೀ ಇರುವ ಸ್ಟಿಕ್ಕರನ್ನು ಲ್ಯಾಪ್‌ಟಾಪ್ ಅಡಿಯಲ್ಲಿ ಅಂಟಿಸುತ್ತಿದ್ದರು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಆ ಕೀಯನ್ನು ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಬರೆದಿಡುತ್ತಾರೆ. ಹಾಗಾಗಿ ಡಿಸ್ಕ್ ಬದಲಾಯಿಸಿ ಹೊಸದಾಗಿ ವಿಂಡೋಸ್ ಹಾಕಿದರೂ ಇನ್‌ಸ್ಟಾಲರ್ ತಾನೇ ಕೀ ಓದಿಕೊಳ್ಳುತ್ತದೆ. "ಫಾರ್ಮ್ಯಾಟ್ ಮಾಡಿಸಿದೆ, ಲೈಸೆನ್ಸ್ ಹೋಯ್ತು" ಅಂತ ಮತ್ತೆ ದುಡ್ಡು ಕೊಟ್ಟವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅದು ಎಲ್ಲೂ ಹೋಗಿರುವುದಿಲ್ಲ. ವಿಂಡೋಸ್‌ನಲ್ಲಿ ಹೋಮ್, ಪ್ರೊ ಅಂತ ಎರಡು ಆವೃತ್ತಿ ಇವೆ; ಎಷ್ಟೋ ಸಲ ಹೋಮ್ ಇದ್ದ ಲ್ಯಾಪ್‌ಟಾಪ್‌ಗೆ ಯಾರೋ ಪ್ರೊ ಹಾಕಿಕೊಟ್ಟಿರುತ್ತಾರೆ. ಹೋಮ್ ಕೀಗೆ ಪ್ರೊ ಆಕ್ಟಿವೇಟ್ ಆಗುವುದಿಲ್ಲ, ಅಷ್ಟೇ.

ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಆಗಿದ್ದರೆ ಓಇಎಂ (ಕಂಪ್ಯೂಟರ್ ತಯಾರಿಸುವವರಿಗಾಗಿ ಇರುವ ಲೈಸೆನ್ಸ್), ರಿಟೇಲ್ (ಬಳಸುವವರೇ ಕೊಳ್ಳುವ ಲೈಸೆನ್ಸ್) ಎಂಬ ಎರಡು ದಾರಿ ಇವೆ. ಓಇಎಂ ಲೈಸೆನ್ಸ್ ಮೊದಲು ಹಾಕಿದ ಯಂತ್ರಕ್ಕೇ ಸೇರಿದ್ದು. ಮದರ್‌ಬೋರ್ಡ್ ಬದಲಾಯಿಸಿ ಬೇರೆ ಕಂಪ್ಯೂಟರ್ ಕಟ್ಟಿಸಿದರೆ ಅದು ಜೊತೆಗೆ ಬರುವುದಿಲ್ಲ. ರಿಟೇಲ್ ಲೈಸೆನ್ಸ್ ನಿಮಗೆ ಸೇರಿದ್ದು. ಹಳೆ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಬಹುದು. ಒಂದು ಸಲಕ್ಕೆ ಒಂದೇ ಕಂಪ್ಯೂಟರ್‌ನಲ್ಲಿರಬೇಕು, ಅಷ್ಟೇ ಷರತ್ತು. ಆಗಾಗ ಬೋರ್ಡ್, ಪ್ರೊಸೆಸರ್ ಬದಲಾಯಿಸುವವರಿಗೆ ಬೆಲೆ ಜಾಸ್ತಿಯಾದರೂ ರಿಟೇಲ್ ತಗೊಳ್ಳಿ ಅನ್ನುತ್ತೇನೆ.

ಇನ್ನು ಆ ಅಗ್ಗದ ಕೀ ವಿಷಯ. ಅವುಗಳಲ್ಲಿ ಬಹಳಷ್ಟು ಯಾವುದೋ ಸಂಸ್ಥೆಗೆ ಹಲವು ಯಂತ್ರಗಳಿಗಾಗಿ ಒಟ್ಟಿಗೆ ಕೊಟ್ಟ ವಾಲ್ಯೂಮ್ ಲೈಸೆನ್ಸ್‌ನಿಂದ ಹೊರಬಿದ್ದವು. ಇಂಥ ಒಂದು ಕೀಯಿಂದ ಇಷ್ಟು ಸಲ ಆಕ್ಟಿವೇಟ್ ಮಾಡಬಹುದು ಅಂತ ಲೆಕ್ಕ ಇರುತ್ತದೆ. ಆ ಸಂಸ್ಥೆಯೊಳಗಿನ ಯಂತ್ರಗಳಿಗಷ್ಟೇ ಅದರ ಹಕ್ಕು. ಒಬ್ಬರು ಅದನ್ನೇ ಹತ್ತಾರು ಜನಕ್ಕೆ ಮಾರುತ್ತಾರೆ. ನೀವು ಹಾಕಿದ ದಿನ ಮೈಕ್ರೋಸಾಫ್ಟ್ ಸರ್ವರ್ ನೋಡುವುದು ಎರಡೇ: ಕೀ ಸರಿ ಇದೆಯಾ, ಲೆಕ್ಕದಲ್ಲಿ ಇನ್ನೂ ಉಳಿದಿದೆಯಾ. ಕೀ ಕೊಂಡವರು ಯಾರು, ಮಾರಿದವರಿಗೆ ಹಕ್ಕಿತ್ತಾ ಅಂತ ಅದು ಕೇಳುವುದಿಲ್ಲ. "ಆಕ್ಟಿವೇಟ್ ಆಯ್ತಲ್ಲ, ಮತ್ತೇನು?" ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಆಕ್ಟಿವೇಟ್ ಆಗುವುದೇ ಬೇರೆ, ಲೈಸೆನ್ಸ್ ಇರುವುದೇ ಬೇರೆ. ಆ ಕೀಯನ್ನು ಮೈಕ್ರೋಸಾಫ್ಟ್ ಯಾವಾಗ ಬೇಕಾದರೂ ಬ್ಲಾಕ್ ಮಾಡಬಹುದು. ಆಗ ಮಾರಿದವರು ಸಿಗುವುದಿಲ್ಲ.

ಕೆಎಂಎಸ್ ಅಂತ ಆಕ್ಟಿವೇಟ್ ಮಾಡುವ ಇನ್ನೊಂದು ಬಗೆ ಇದೆ. ದೊಡ್ಡ ಕಚೇರಿಗಳು ತಮ್ಮದೇ ಸರ್ವರ್ ಇಟ್ಟು ಎಲ್ಲ ಯಂತ್ರಗಳನ್ನು ಆಕ್ಟಿವೇಟ್ ಮಾಡುವ ವ್ಯವಸ್ಥೆ ಅದು. ಒಮ್ಮೆ ಆದರೆ 180 ದಿನ ನಡೆಯುತ್ತದೆ, ಅಷ್ಟರೊಳಗೆ ಮತ್ತೆ ಆ ಸರ್ವರ್ ಸಿಗಬೇಕು. ಪುಕ್ಕಟೆ ಸಿಗುವ ಆಕ್ಟಿವೇಟರ್‌ಗಳಲ್ಲಿ ಹಲವು ಇಂಥ ಸರ್ವರ್ ಇದ್ದಂತೆ ವಿಂಡೋಸ್‌ಗೆ ನಂಬಿಸುತ್ತವೆ. ಅವನ್ನು ಹಾಕುವಾಗ ಸಾಮಾನ್ಯವಾಗಿ ಬರುವ ಮೊದಲ ಸೂಚನೆ ಗಮನಿಸಿ: "ಆಂಟಿವೈರಸ್ ಆಫ್ ಮಾಡಿ." ಎರಡನೆಯದು: "ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿ." ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುವ ಯಂತ್ರದಲ್ಲಿ ಗೊತ್ತಿಲ್ಲದವರ ಕೈಗೆ ಪೂರ್ತಿ ಅಧಿಕಾರ ಕೊಟ್ಟಂತಾಯಿತು. ದಯವಿಟ್ಟು ಬೇಡ.

ಈಗಲೇ ದುಡ್ಡಿಲ್ಲ ಅಂದರೆ ಗಾಬರಿ ಬೇಡ. ಕೀ ಕೇಳುವ ಪರದೆಯ ಕೆಳಗೆ "ನನ್ನ ಬಳಿ ಕೀ ಇಲ್ಲ" ಅನ್ನುವ ಆಯ್ಕೆ ಇರುತ್ತದೆ. ಅದನ್ನು ಒತ್ತಿ ಇನ್‌ಸ್ಟಾಲ್ ಮಾಡಿ, ಆಮೇಲೆ ಲೈಸೆನ್ಸ್ ಕೊಳ್ಳಿ. ಅಲ್ಲಿಯವರೆಗೆ ಮೂಲೆಯಲ್ಲಿ ಆಕ್ಟಿವೇಟ್ ಮಾಡಿ ಅನ್ನುವ ಬರಹ ಇರುತ್ತದೆ, ಬಣ್ಣ, ಥೀಮ್ ಬದಲಾಯಿಸಲು ಬಿಡುವುದಿಲ್ಲ. ವಿಂಡೋಸ್ ಬೇಕೇ ಬೇಕು ಅಂತಿಲ್ಲದವರಿಗೆ ಅದರ ಬದಲು ಹಾಕಬಹುದಾದ ಉಬುಂಟು, ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಳಿವೆ. ಅವಕ್ಕೆ ಕೀಯೂ ಬೇಡ, ದುಡ್ಡೂ ಬೇಡ.

ಹೋಮ್ ಸಾಕಾ, ಪ್ರೊ ಬೇಕಾ? ಮನೆಯ ಬಳಕೆಗೆ ಹೋಮ್ ಸಾಕು. ಬೇರೆ ಕಡೆಯಿಂದ ನಿಮ್ಮ ಕಂಪ್ಯೂಟರ್‌ಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರಬೇಕು, ಕಂಪ್ಯೂಟರ್ ಒಳಗೇ ಇನ್ನೊಂದು ವರ್ಚುವಲ್ ಕಂಪ್ಯೂಟರ್ ನಡೆಸುವ ಹೈಪರ್-ವಿ ಬೇಕು ಅಂದರೆ ಪ್ರೊ. ಹೋಮ್‌ನಿಂದ ಪ್ರೊಗೆ ಆಮೇಲೂ ಹೋಗಬಹುದು, ಫಾರ್ಮ್ಯಾಟ್ ಬೇಕಿಲ್ಲ. ಯಾವುದೇ ಆದರೂ ವಿಂಡೋಸ್ 11 ಹಾಕಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಅಸೆಂಬಲ್ ಮಾಡಿದ ಯಂತ್ರದಲ್ಲಿ ಅದು ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ) ಆಫ್ ಇರಬಹುದು, ಮೊದಲೇ ನೋಡಿಕೊಳ್ಳಿ.

ಇನ್‌ಸ್ಟಾಲರನ್ನು ಮೈಕ್ರೋಸಾಫ್ಟ್ ಸೈಟ್‌ನಿಂದಲೇ ಇಳಿಸಿಕೊಳ್ಳಿ, 8 ಜಿಬಿ ಪೆನ್‌ಡ್ರೈವ್ ಸಾಕು. ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಆರಿಸುವ ಪರದೆ ಖಾಲಿ ಕಾಣುತ್ತದೆ. ಡಿಸ್ಕ್ ಕೆಟ್ಟಿದೆ ಅಂತಲ್ಲ. ಡಿಸ್ಕನ್ನು ಗುರುತಿಸುವ ತಂತ್ರಾಂಶ ಇನ್‌ಸ್ಟಾಲರ್‌ನಲ್ಲಿ ಇಲ್ಲ, ಅಷ್ಟೇ. ತಯಾರಕರ ಸೈಟ್‌ನಲ್ಲಿರುವ ಆ ತಂತ್ರಾಂಶವನ್ನು, ಅಂದರೆ ಸ್ಟೋರೇಜ್ ಡ್ರೈವರನ್ನು ಪೆನ್‌ಡ್ರೈವ್‌ಗೆ ಹಾಕಿ, "ಲೋಡ್ ಡ್ರೈವರ್" ಒತ್ತಿ ತೋರಿಸಿದರೆ ಕಾಣಿಸಿಕೊಳ್ಳುತ್ತದೆ. ಇನ್‌ಸ್ಟಾಲ್ ಮಾಡುವಾಗ ವೈಫೈ ಕಾಣದಿದ್ದರೆ ಬೇಕಾಗುತ್ತದೆ, ಅದರ ಡ್ರೈವರನ್ನೂ ಅದರಲ್ಲೇ ಇಟ್ಟುಕೊಂಡಿರಿ.

ಎಲ್ಲ ಮುಗಿದ ಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಷನ್ ತೆರೆಯಿರಿ. ಡಿಜಿಟಲ್ ಲೈಸೆನ್ಸ್ (ಮೈಕ್ರೋಸಾಫ್ಟ್‌ನಲ್ಲಿ ದಾಖಲಾದ ನಿಮ್ಮ ಲೈಸೆನ್ಸ್) ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಸೇರಿದೆ ಅಂತ ಅಲ್ಲಿ ಬರೆದಿದೆಯಾ ನೋಡಿ. ರಿಟೇಲ್ ಕೊಂಡವರಿಗೆ ಇದು ಮುಖ್ಯ. ಮುಂದೆ ಮದರ್‌ಬೋರ್ಡ್ ಬದಲಾದಾಗ ಅದೇ ಜಾಗದಲ್ಲಿ ಟ್ರಬಲ್‌ಶೂಟ್ ಒತ್ತಿ, ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಅಂತ ತಿಳಿಸಿ ಲೈಸೆನ್ಸ್ ವಾಪಸ್ ಪಡೆಯಲು ಈ ಖಾತೆಯೇ ಬೇಕು. ಕೀ ಮತ್ತು ಬಿಲ್ ಎರಡರ ಫೋಟೋವನ್ನೂ ಬೇರೆ ಕಡೆ ಉಳಿಸಿಡಿ.