ಬಾವಿ ನೀರಿನ ಪಾಳಿ

ಇಂಡಿ ತಾಲೂಕಿನ ನಮ್ಮ ಕಡೆ ಲಿಂಬೆಗೆ ಒಳ್ಳೆ ದರ ಸಿಗುವುದು ಬೇಸಿಗೆಯಲ್ಲಿ. ಬಾವಿ ತಳ ಕಾಣುವುದೂ ಆಗಲೇ. ಅಪ್ಪನ ತೋಟಕ್ಕೂ ಕಾಕಾನ ತೋಟಕ್ಕೂ ಇರುವುದು ಒಂದೇ ಬಾವಿ. ಒಬ್ಬರಿಗೆ ಒಂದು ದಿನ ಪಾಳಿ.

ಈ ಸಲ ನಮ್ಮ ಪಾಳಿಯ ರಾತ್ರಿ ಕಾಕಾ ತಮ್ಮ ತೋಟಕ್ಕೆ ನೀರು ತಿರುಗಿಸಿಕೊಂಡರು. ಬೆಳಗ್ಗೆ ಅಪ್ಪ ಕೆಂಡವಾಗಿದ್ದರು. "ಮೋಟಾರಿನ ಸ್ಟಾರ್ಟರ್ ಡಬ್ಬಿಗೆ ಕೀಲಿ ಜಡೀತೀನಿ, ಕೋರ್ಟಿಗೆ ಹೋಗ್ತೀನಿ" ಅಂದರು. ನಾನು ಬುದ್ಧಿ ಹೇಳಲು ಹೋಗಲಿಲ್ಲ. "ಗಿಡ ಒಣಗತಾವಂತ ಹೆದರಿಕಿ ಆಗೇತೇನಪ್ಪಾ?" ಅಂತ ಕೇಳಿದೆ. ಅಪ್ಪ ಸುಮಾರು ಹೊತ್ತು ಮಾತಾಡಿದರು. ನೀರು ಹೋದದ್ದಕ್ಕಿಂತ, ಒಡಹುಟ್ಟಿದ ತಮ್ಮನೇ ತನ್ನನ್ನು ಒಂದು ಮಾತೂ ಕೇಳಲಿಲ್ಲ ಅನ್ನುವ ನೋವೇ ಜಾಸ್ತಿ ಇತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸನ್‌ಬರ್ಗ್ ಕಲಿಸಿದ ಅಹಿಂಸಾತ್ಮಕ ಸಂವಹನದ ಬಗ್ಗೆ ನಾನು ಒಂದು ತರಬೇತಿಯಲ್ಲಿ ಕೇಳಿದ್ದೆ. ಕಣ್ಣಿಗೆ ಕಂಡದ್ದನ್ನಷ್ಟೇ ಹೇಳು, ಮನಸ್ಸಿಗೆ ಏನಾಯಿತು ಹೇಳು, ಏನು ಬೇಕಾಗಿದೆ ಹೇಳು, ಆಮೇಲೆ ಮಾಡಬಹುದಾದ ಒಂದು ಕೆಲಸ ಕೇಳು. ಇದು ಮೆತ್ತಗಿನ ಮಾತು ಅನ್ನಿಸಬಹುದು. ಆದರೆ ಇದರಲ್ಲಿ ನಮ್ಮ ಪಾಲಿನ ನೀರನ್ನು ಬಿಟ್ಟುಕೊಡಬೇಕು ಅಂತ ಎಲ್ಲೂ ಇಲ್ಲ, ಅಲ್ವಾ?

ಸಂಜೆ ಅಪ್ಪನ ಜೊತೆ ಕಾಕಾನ ಮನೆಗೆ ಹೋದೆ. ಕದ್ದಿರಿ, ಮೋಸ ಮಾಡಿದಿರಿ ಅನ್ನುವ ಮಾತು ಬೇಡ ಅಂತ ಮೊದಲೇ ಒಪ್ಪಿಸಿದ್ದೆ. "ಕಾಕಾ, ನಿನ್ನೆ ರಾತ್ರಿ ನಮ್ಮ ಪಾಳಿ ಇತ್ತು, ನೀರು ನಿಮ್ಮ ತೋಟಕ್ಕ ಹೋತು. ಅಪ್ಪಗ ಭಾಳ ಚಿಂತಿ ಆಗೇತಿ. ನಿಮಗೇನು ತ್ರಾಸ ಆಗಿತ್ತು, ಹೇಳ್ರಿ" ಅಂದೆ.

ಕಾಕಾ ಮುಖ ತಿರುಗಿಸಿ ಕೂತರು. ಮಾತಾಡಿದ್ದು ಕಾಕಿ. ಅವರ ಪಾಳಿಯ ರಾತ್ರಿ ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಬಂದು ಸ್ವಲ್ಪ ಹೊತ್ತಿಗೇ ಹೋಗಿತ್ತಂತೆ. ಅದರ ಹಿಂದಿನ ಪಾಳಿಯಲ್ಲೂ ಹಾಗೇ. ಸಾಲ ಮಾಡಿ ಹಚ್ಚಿದ ಹೊಸ ಸಸಿಗಳು ಬಾಡುತ್ತಿದ್ದವು. "ಕೇಳಾಕ ಬಂದ್ರ ಅಣ್ಣ ಬೈತಾನಂತ ಹೆದರಿದ್ವಿ" ಅಂದರು.

ಅಪ್ಪನಿಗೆ ಇದು ಗೊತ್ತೇ ಇರಲಿಲ್ಲ. ಕರೆಂಟು ನಡುವೆ ಹೋದರೆ ಆ ದಿನದ ನೀರು ಹೋದಂತೆಯೇ. ದಿನದ ಲೆಕ್ಕದಲ್ಲಿ ಪಾಳಿ ಹಂಚಿದ್ದೇ ಜಗಳದ ಮೂಲ. "ಮೋಟಾರ್ ಓಡಿದ ತಾಸು ಬರೆದಿಡೋಣೇನು?" ಅಂತ ಅಪ್ಪನೇ ಕೇಳಿದರು. ಕಾಕಾ ಆಗ ಈ ಕಡೆ ತಿರುಗಿದರು. ಮುಂದಿನ ಪಾಳಿಯಲ್ಲಿ ನಮ್ಮ ನೀರು ನಮಗೆ ಕೊಡಲು ಒಪ್ಪಿದರು.

ಈಗ ಪಂಪ್ ಶೆಡ್ಡಿನಲ್ಲಿ ಒಂದು ನೋಟ್‌ಬುಕ್ ಇದೆ. ಎರಡೂ ಮನೆಯವರು ತಾಸಿನ ಲೆಕ್ಕ ಬರೆಯುತ್ತಾರೆ. ಮೋಟಾರ್ ರಿಪೇರಿ ಖರ್ಚಿನ ಮಾತು ಮಾತ್ರ ಇನ್ನೂ ಬಗೆಹರಿದಿಲ್ಲ. ಅದಕ್ಕೂ ಒಂದು ಸಂಜೆ ಕೂಡಬೇಕು.